ಅಮ್ಮನ ಮಂಚ ಮೂರನೇ ಮಹಡಿಗೆ

ಹಳೆಯ ಮನೆಯನ್ನು ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಮೊದಲು ಹೆಂಚು ಇಳಿಯುತ್ತದೆ. ಆಮೇಲೆ ರೀಪು, ಪಕಾಸಿ, ಜಂತಿ, ತೊಲೆ. ಕೊನೆಗೆ ಬಾಗಿಲು, ಕಿಟಕಿ, ಕಂಬ. ಮಣ್ಣಿನ ಗೋಡೆ ಮಾತ್ರ ಉಳಿದಾಗ ಜೆಸಿಬಿ ಬಂದು ಅರ್ಧ ದಿನದಲ್ಲಿ ನೆಲಸಮ ಮಾಡಿ ಹೋಗುತ್ತದೆ. ಮರಮಟ್ಟನ್ನು ಒಟ್ಟಾಗಿ ಕೊಳ್ಳುವ ವ್ಯಾಪಾರಿ ಇದನ್ನೆಲ್ಲ ಘನ ಅಡಿಯ ಲೆಕ್ಕದಲ್ಲಿ ನೋಡುತ್ತಾನೆ. ಅವನ ಕಣ್ಣಿಗೆ ಬಾಗಿಲು ಬಾಗಿಲಲ್ಲ, ಇಂತಿಷ್ಟು ಸಾಗುವಾನಿ. ಅದು ಅವನ ಕಸುಬು, ತಪ್ಪೇನಲ್ಲ. ಆದರೆ ಆ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಲೆಕ್ಕ ಅಷ್ಟು ಸಲೀಸಲ್ಲ.

ಸಾಗರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಈಗ ಬೆಂಗಳೂರಿನಲ್ಲಿದ್ದಾರೆ. ತಾಯಿ ತೀರಿಕೊಂಡ ಮೇಲೆ ಮನೆ ಪಾಲಾಗಿದೆ, ಮಳೆಗಾಲಕ್ಕೆ ಮುನ್ನ ಬಿಚ್ಚುತ್ತಾರಂತೆ. ‘ಬೇಕಾದ್ದು ಒಯ್ಯಿ, ಉಳಿದದ್ದು ಮರದವನಿಗೆ’ ಎಂದಿದ್ದಾರೆ ಅಣ್ಣ. ತಾಯಿಯ ಮಂಚ, ಒಂದು ದೊಡ್ಡ ಪೆಟಾರಿ, ಅಜ್ಜ ಶಾನುಭೋಗಿಕೆ ಮಾಡುತ್ತಿದ್ದಾಗಿನ ಡೆಸ್ಕು, ಜೋಡಿ ಬಾಗಿಲು, ತೂಗುಮಣೆ, ತೊಟ್ಟಿಲು, ಇಷ್ಟು ಸಾಮಾನು. ಇರುವುದು ಎರಡು ಮಲಗುವ ಕೋಣೆಯ, ಮೂರನೇ ಮಹಡಿಯ ಫ್ಲ್ಯಾಟು. ‘ಏನನ್ನು ಆರಿಸಲಿ, ಆರಿಸಿದ್ದನ್ನು ಎಲ್ಲಿ ಇಡಲಿ, ಮನೆ ಉಗ್ರಾಣದಂತೆ ಕಾಣದ ಹಾಗೆ ಹೇಗೆ ಮಾಡಲಿ?’ ಎಂಬುದು ಅವರ ಪ್ರಶ್ನೆ. ಇಂಥ ಪತ್ರಗಳು ಈಗೀಗ ಬಹಳ. ಆದ್ದರಿಂದ ಈ ವಾರ ಪರದೆ, ದಿಂಬುಗಳ ಮಾತು ಬಿಟ್ಟು ಇದನ್ನೇ ನೋಡೋಣ.

ಊರಿಗೆ ಹೊರಡುವ ಮುನ್ನ ಫ್ಲ್ಯಾಟನ್ನು ಅಳೆಯಿರಿ. ಹಳೆ ಮನೆಯ ಜಗಲಿಯಲ್ಲಿ ನಿಂತಾಗ ಎಲ್ಲವೂ ಬೇಕೆನಿಸುತ್ತದೆ. ಆಗ ಕೈಯಲ್ಲಿ ಅಳತೆಯ ಚೀಟಿ ಇದ್ದರೆ ಒಳ್ಳೆಯದು. ಕೋಣೆಯ ಉದ್ದಗಲ ಮಾತ್ರ ಸಾಲದು. ಮುಂಬಾಗಿಲು ಮೂರು ಅಡಿ, ಒಳಬಾಗಿಲು ಎರಡೂವರೆ ಅಡಿ ಎಂದು ನಕ್ಷೆಯಲ್ಲಿದ್ದರೂ ಚೌಕಟ್ಟು ಕಳೆದು ಸಿಗುವ ಜಾಗ ಅದಕ್ಕಿಂತ ಕಡಿಮೆ. ಲಿಫ್ಟಿನ ಒಳಗಿನ ಎತ್ತರ, ಮೆಟ್ಟಿಲಿನ ತಿರುವು ಇವನ್ನೂ ಬರೆದುಕೊಳ್ಳಿ. ಎಷ್ಟೋ ಬೀರುಗಳು ಮೂರನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡು ವಾಪಸು ಕೆಳಗಿಳಿದಿವೆ.

ಇನ್ನು ಮರ ಯಾವುದು ಎಂಬುದು. ಬಣ್ಣ, ಪಾಲಿಶ್ ಮೆತ್ತಿದ ಮೇಲೆ ಎಲ್ಲ ಮರವೂ ಒಂದೇ ತರಹ ಕಾಣುತ್ತದೆ. ಸಾಮಾನನ್ನು ಮಗುಚಿ, ಕಣ್ಣಿಗೆ ಬೀಳದ ಅಡಿಭಾಗದಲ್ಲಿ ಚಾಕುವಿನಿಂದ ಒಂದಿಷ್ಟು ಕೆರೆದು ನೋಡಿ. ಸಾಗುವಾನಿಯಾದರೆ ಹೊಂಬಣ್ಣದ ಕಂದು, ಮುಟ್ಟಿದರೆ ಸ್ವಲ್ಪ ಜಿಡ್ಡು, ಮೂಗಿಗೆ ಚರ್ಮದಂಥ ವಾಸನೆ. ಆ ಜಿಡ್ಡೇ ಅದನ್ನು ಗೆದ್ದಲಿನಿಂದ ಕಾಪಾಡಿರುವುದು. ಬೀಟೆಯಾದರೆ ನೇರಳೆ ಮಿಶ್ರಿತ ಕಂದು, ನಡುನಡುವೆ ಕಪ್ಪು ಗೆರೆ, ಎತ್ತಿದರೆ ಭಾರ. ಹಲಸು ಕೊಯ್ದಾಗ ಹಳದಿ, ವರ್ಷಗಳು ಕಳೆದಂತೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಮಾವು ಅಗ್ಗದ ಮರ, ಹುಳುವಿಗೂ ಪ್ರಿಯ. ಸಣ್ಣ ತೂತುಗಳಿದ್ದು, ತಟ್ಟಿದಾಗ ಹೊಸದಾಗಿ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹುಳು ಒಳಗೆ ಇನ್ನೂ ಜೀವಂತವಾಗಿದೆ ಎಂದು ಅರ್ಥ. ಔಷಧಿ ಹೊಡೆಸದೆ ಅಂಥದ್ದನ್ನು ಮನೆಯೊಳಗೆ ತರಬೇಡಿ. ಅಲ್ಲಿಂದ ನಿಮ್ಮ ಹೊಸ ವಾರ್ಡ್‌ರೋಬಿಗೂ ದಾಟೀತು.

ಈ ಮರಕ್ಕೆ ಇಷ್ಟು ಬೆಲೆ ಏಕೆ ಎಂದು ಕೇಳುವವರಿದ್ದಾರೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶದಿಂದ ಕಾಡಿನಲ್ಲಿ ಮರ ಕಡಿಯುವುದಕ್ಕೆ ಬಿಗಿಯಾದ ಕಡಿವಾಣ ಬಿತ್ತು. ಕಾಡಿಗೆ ಅದು ಆಗಬೇಕಾದ್ದೇ. ಈಗ ಅಂಗಡಿಯಲ್ಲಿ ಸಿಗುವ ಸಾಗುವಾನಿಯಲ್ಲಿ ಬಹಳಷ್ಟು ತೋಪಿನಲ್ಲಿ ಬೆಳೆಸಿದ್ದು, ಅಥವಾ ಆಫ್ರಿಕಾದಿಂದಲೋ ದಕ್ಷಿಣ ಅಮೆರಿಕದಿಂದಲೋ ಹಡಗಿನಲ್ಲಿ ಬಂದದ್ದು. ಬೇಗ ಬೆಳೆಸಿ ಬೇಗ ಕಡಿದ ಮರದಲ್ಲಿ ಕೆಚ್ಚು ಕಡಿಮೆ, ಹೊರಗಿನ ಬಿಳಿಯ ಭಾಗ ಹೆಚ್ಚು. ನಿಮ್ಮ ತಾಯಿಯ ಮಂಚದ ಕಾಲಿನಲ್ಲಿರುವಂಥ ಕೆಚ್ಚು ಇಂದು ಸುಲಭಕ್ಕೆ ಸಿಗುವುದಿಲ್ಲ. ಅದನ್ನು ಘನ ಅಡಿಯ ಲೆಕ್ಕದಲ್ಲಿ ಮಾರಿ, ಆ ಹಣದಲ್ಲಿ ಮರದ ಪುಡಿಯನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಮಂಚ ಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಒಮ್ಮೆ ನೀರು ಕುಡಿದರೆ ಆ ಹಲಗೆ ಅವಲಕ್ಕಿಯಂತೆ ಉಬ್ಬಿ ಕೂರುತ್ತದೆ, ಮತ್ತೆ ಇಳಿಯುವುದಿಲ್ಲ.

ಆದ್ದರಿಂದ ಮಂಚ ಖಂಡಿತ ತನ್ನಿ. ಹಳೆಯ ಮಂಚಗಳಲ್ಲಿ ಹೆಚ್ಚಿನವು ಬಿಚ್ಚಿ ಜೋಡಿಸುವಂಥವು. ಕಾಲು, ಪಟ್ಟಿ, ತಲೆಗಟ್ಟು ಎಲ್ಲ ಕಚ್ಚಿನಲ್ಲಿ ಕೂತು, ಬೆಣೆಯಲ್ಲಿ ನಿಂತಿರುತ್ತವೆ. ಕಿರಿದಾದ ಬಾಗಿಲುಗಳ ಕಾಲದವರಿಗೆ ಸಾಮಾನು ಸಾಗಿಸುವ ಕಷ್ಟ ಗೊತ್ತಿತ್ತು. ಬೆಣೆ ಬಿಗಿದುಕೊಂಡಿದ್ದರೆ ಸುತ್ತಿಗೆಯಿಂದ ನೇರವಾಗಿ ಹೊಡೆಯಬೇಡಿ. ಮೇಲೊಂದು ಮರದ ತುಂಡು ಇಟ್ಟು ಕೊಡತಿಯಿಂದ ತಟ್ಟಿ.

ಮಂಚ ತಂದವರು ಆಮೇಲೆ ಬರೆಯುವ ದೂರು ಒಂದೇ: ‘ಬಹಳ ಎತ್ತರವಾಯಿತು, ಅತ್ತೆಗೆ ಹತ್ತಲಾಗುವುದಿಲ್ಲ, ಕಾಲು ಕತ್ತರಿಸಲೇ?’ ಬೇಡ. ತಪ್ಪು ಕಾಲಿನದಲ್ಲ, ಹಾಸಿಗೆಯದು. ಆ ಮಂಚ ಮಾಡಿದ್ದು ಬೂರುಗದ ಹತ್ತಿಯ ತೆಳು ಹಾಸಿಗೆಗೆ. ಅದರ ಮೇಲೆ ಎಂಟು ಅಂಗುಲದ ಮ್ಯಾಟ್ರೆಸ್ ಹೇರಿದರೆ ಎತ್ತರವೂ ಆಗುತ್ತದೆ, ತಲೆಗಟ್ಟಿನ ಕೆತ್ತನೆಯೂ ಮುಚ್ಚಿಹೋಗುತ್ತದೆ. ನಾಲ್ಕು ಅಂಗುಲದ ತೆಂಗಿನ ನಾರಿನ ಹಾಸಿಗೆ ಹಾಕಿ ನೋಡಿ, ಬಹುಪಾಲು ಸಮಸ್ಯೆ ತೀರುತ್ತದೆ. ಹಳೆ ಮಂಚದ ಅಳತೆಗೆ ಅಂಗಡಿಯ ಸಿದ್ಧ ಹಾಸಿಗೆ ಕೂರುವುದಿಲ್ಲ; ಅಳತೆ ಕೊಟ್ಟು ಮಾಡಿಸಬೇಕು. ಎತ್ತರ ಇದ್ದದ್ದರಿಂದ ಒಂದು ಲಾಭವೂ ಇದೆ. ಮಂಚದಡಿಯಲ್ಲಿ ಎರಡು ತಗಡಿನ ಟ್ರಂಕು ಆರಾಮವಾಗಿ ಕೂರುತ್ತವೆ. ಫ್ಲ್ಯಾಟಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಬಾಗಿಲಿನ ವಿಷಯ ಸ್ವಲ್ಪ ತೊಡಕು. ಬಾಗಿಲು ಬಾಗಿಲಾಗಿಯೇ ಉಳಿದರೆ ಚೆನ್ನ, ಆದರೆ ಹಳೆ ಬಾಗಿಲುಗಳು ತಲೆ ತಗ್ಗಿಸಿ ಬರುವಂಥ ಗಿಡ್ಡ ಬಾಗಿಲುಗಳು, ಫ್ಲ್ಯಾಟಿನ ಚೌಕಟ್ಟು ಏಳು ಅಡಿ. ಹೊಂದುವುದಿಲ್ಲ. ಹಾಗಾಗಿ ಮಲಗಿಸಿ ಊಟದ ಮೇಜು ಮಾಡುವುದು ಈಗಿನ ರೂಢಿ, ನನಗೂ ಒಪ್ಪಿಗೆಯೇ. ಕೆಳಗೆ ಕಬ್ಬಿಣದ ಚೌಕಟ್ಟು, ಮೇಲೆ ಎಂಟು ಮಿಲಿಮೀಟರಿನ ಟಫನ್ಡ್ ಗಾಜು. ಗಾಜಿಗೂ ಮರಕ್ಕೂ ನಡುವೆ ರಬ್ಬರಿನ ಸಣ್ಣ ಬಿಲ್ಲೆಗಳಿರಲಿ, ಇಲ್ಲದಿದ್ದರೆ ಸಾರು ಚೆಲ್ಲಿದ ತೇವ ಅಲ್ಲೇ ಕೂತು ಮರ ಕಪ್ಪಾಗುತ್ತದೆ. ಮೇಜಿನ ಎತ್ತರ ನೆಲದಿಂದ ಗಾಜಿನವರೆಗೆ 29ರಿಂದ 30 ಅಂಗುಲ, ಕುರ್ಚಿಯ ಆಸನ 17ರಿಂದ 18. ಹಳೆ ಬಾಗಿಲು ದಪ್ಪವಿರುವುದರಿಂದ, ಅದರ ದಪ್ಪ ಲೆಕ್ಕ ಹಾಕದೆ ಚೌಕಟ್ಟು ಮಾಡಿಸಿದರೆ ತೊಡೆ ತಾಗುತ್ತದೆ. ಚಿಲಕ, ಬಳೆ, ಹಿತ್ತಾಳೆಯ ಗುಬ್ಬಿ ಇವನ್ನು ಕೀಳಿಸಬೇಡಿ. ಗಾಜು ಅವುಗಳಿಗಿಂತ ಮೇಲೆ ನಿಲ್ಲುವಂತೆ ಬಿಲ್ಲೆಗಳ ಎತ್ತರ ಹೊಂದಿಸಿದರಾಯಿತು. ಜೋಡಿ ಬಾಗಿಲಾದ್ದರಿಂದ ಅಣ್ಣನಿಗೊಂದು, ತಂಗಿಗೊಂದು ಎಂದು ಹಂಚಿಕೊಳ್ಳುವ ಯೋಚನೆ ಬರಬಹುದು. ಬೇರೆ ಮಾಡಿದರೆ ಕೆತ್ತನೆ ಅರ್ಧ ವಾಕ್ಯದಂತೆ ನಿಂತುಬಿಡುತ್ತದೆ. ಒಬ್ಬರೇ ಇಟ್ಟುಕೊಳ್ಳಿ, ಇನ್ನೊಬ್ಬರಿಗೆ ಬೇರೆ ಏನಾದರೂ ಹೋಗಲಿ.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ. ಹಳೆ ಬಾಗಿಲುಗಳಿಗೆ ದೀಪಾವಳಿಗೊಮ್ಮೆ, ಮದುವೆಗೊಮ್ಮೆ ಎಂದು ಹಸಿರು, ನೀಲಿ ಎಣ್ಣೆಬಣ್ಣ ಪದರ ಪದರವಾಗಿ ಬಳಿದಿರುತ್ತಾರೆ. ಹಳೆಯ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ನಮ್ಮ ದೇಶದಲ್ಲಿ ಮನೆಬಣ್ಣದ ಸೀಸಕ್ಕೆ ಮಿತಿ ಹಾಕುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದು ಎಂದು. ಅದಕ್ಕೆ ಹಿಂದಿನ ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜಿದರೆ ಏಳುವ ಧೂಳಿನಲ್ಲಿ ಸೀಸ ಇರಬಹುದು. ಅದು ಮಕ್ಕಳ ಮಿದುಳಿನ ಬೆಳವಣಿಗೆಗೆ ವಿಷ, ಗರ್ಭಿಣಿಯರಿಗೂ ಅಪಾಯ. ಬಾಲ್ಕನಿಯಲ್ಲಿ ಯಂತ್ರ ಹಿಡಿದು ಉಜ್ಜಿಸುವುದು, ಪಕ್ಕದಲ್ಲೇ ಮಗು ಆಡುವುದು, ಇದನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ! ಈ ಕೆಲಸ ಊರಿನ ಬಯಲಿನಲ್ಲೇ ಮುಗಿಯಲಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಬಣ್ಣ ಮೆತ್ತಗೆ ಮಾಡುವ ದ್ರಾವಣ ಹಚ್ಚಿ ಕೆರೆಯಬೇಕು, ಉಜ್ಜುವುದಾದರೆ ನೀರು ಹಾಕಿ ಉಜ್ಜಬೇಕು, ಕೆಲಸದವರ ಮುಖಕ್ಕೆ ಒಳ್ಳೆಯ ಮಾಸ್ಕ್ ಇರಬೇಕು. ಕೆರೆದ ಚೂರುಗಳನ್ನು ಕಟ್ಟಿಡಿ, ಒಲೆಗೆ ಹಾಕಬೇಡಿ. ಕೆಲವರು ಕಾಸ್ಟಿಕ್ ಸೋಡಾದ ನೀರಿನಲ್ಲಿ ತೊಳೆಯುತ್ತಾರೆ. ಬಣ್ಣವೇನೋ ಹೋಗುತ್ತದೆ, ಜೊತೆಗೆ ಸಾಗುವಾನಿ ಕಪ್ಪಿಟ್ಟು ಅದರ ಕಳೆಯೂ ಹೋಗುತ್ತದೆ.

ಬಣ್ಣ ಎಲ್ಲೂ ಏಳದೆ ಗಟ್ಟಿಯಾಗಿದ್ದರೆ ಅದನ್ನು ತೆಗೆಯಲೇಬೇಕೆಂದೇನಿಲ್ಲ. ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಮೇಲೆ ಬಣ್ಣವಿಲ್ಲದ ವಾರ್ನಿಶ್ ಒಂದು ಪದರ ಕೊಡಿ. ಮಾಸಿದ ಹಸಿರಿಗೆ ತನ್ನದೇ ಚೆಲುವಿದೆ, ಬಿಳಿ ಗೋಡೆಯ ಮುಂದೆ ಇನ್ನೂ ಚೆಂದ.

ಪಾಲಿಶ್ ಯಾವುದು ಎಂದರೆ, ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುವ ಹಳೆಯ ಪಾಲಿಶೇ ಇಂಥ ಸಾಮಾನಿಗೆ ಒಪ್ಪುತ್ತದೆ. ಗೀಚಿದರೆ ಅಲ್ಲಿಗಷ್ಟೇ ಮತ್ತೆ ಹಚ್ಚಬಹುದು. ಬಿಸಿ ಲೋಟದ ಬಿಳಿ ಕಲೆ ಬೀಳುತ್ತದೆ ಎಂಬುದೇ ಅದರ ದೋಷ. ಹಾಗಾಗಿ ಊಟದ ಮೇಜಿಗೆ ಬೇಡ, ಮಂಚಕ್ಕೆ ಬೇಕು. ಅಗಸೆ ಎಣ್ಣೆ ಹಚ್ಚುವುದೂ ಒಳ್ಳೆಯದೇ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರಡಿ, ಹೊರಗೆ ಒಣಗಿಸಿ, ಆಮೇಲೆ ಬಿಸಾಡಿ.

ಶಾನುಭೋಗರ ಡೆಸ್ಕು ಇದೆಯೆಂದು ಬರೆದದ್ದು ಓದಿ ನನಗೆ ಆಸೆಯೇ ಆಯಿತು. ನೆಲದ ಮೇಲೆ ಕೂತು ಖಾತೆ ಬರೆಯಲು ಮಾಡಿದ, ಇಳಿಜಾರು ಮುಚ್ಚಳದ ಆ ಪೆಟ್ಟಿಗೆ ಈಗಿನ ಲ್ಯಾಪ್‌ಟಾಪಿಗೆ ಹೇಳಿ ಮಾಡಿಸಿದಂತಿದೆ. ಕೆಳ ಅಂಚಿನಲ್ಲಿ ಪೆನ್ನು ಉರುಳದಂತೆ ಒಂದು ಪಟ್ಟಿ ಇರುತ್ತದಲ್ಲ, ಅದೇ ಯಂತ್ರವನ್ನೂ ಹಿಡಿದು ನಿಲ್ಲಿಸುತ್ತದೆ. ಕಿಟಕಿಯ ಪಕ್ಕ ಚಾಪೆ ಹಾಸಿ, ಗೋಡೆಗೆ ಒರಗುದಿಂಬು ಇಟ್ಟರೆ ಕೋಣೆಗೊಂದು ಬರೆಯುವ ಮೂಲೆ ಸಿಕ್ಕಿತು. ಮಂಡಿನೋವಿನವರು ಅದನ್ನು ಗಟ್ಟಿ ಮೇಜಿನ ಮೇಲಿಟ್ಟು ನಿಂತು ಬರೆಯಬಹುದು. ತಂತಿ ತೂರಿಸಲು ತೂತು ಕೊರೆಸಬೇಡಿ, ಹಿಂದಿನಿಂದ ಬಳಸಿ ತನ್ನಿ. ಒಳಗಿನ ಸಣ್ಣ ಖಾನೆಗಳನ್ನು ಖಾಲಿ ಮಾಡುವಾಗ ಕಾಗದಗಳನ್ನು ನೋಡಿಕೊಂಡು ತೆಗೆಯಿರಿ. ಜಮೀನಿನ ಹಳೆಯ ಪತ್ರಗಳು ಮನೆಯ ಪಾಲಿಗಿಂತ ಮುಖ್ಯವಾದ ದಿನಗಳೂ ಬರುತ್ತವೆ.

ಪೆಟಾರಿಯನ್ನು ಹಜಾರದಲ್ಲಿ ಬೆಂಚಿನಂತೆ ಇಡಿ. ಮೇಲೆ ನವಲಗುಂದದ ಜಮಖಾನ ಮಡಿಸಿ ಹಾಸಿದರೆ ಸೋಫಾ ಬೇಕಾಗುವುದಿಲ್ಲ. ಹಳೆಯ ಕೌದಿ ಇದ್ದರಂತೂ ಅದಕ್ಕಿಂತ ಚೆನ್ನ. ಚಿಕ್ಕ ಮಕ್ಕಳಿರುವ ಮನೆಯಾದರೆ ಹೊರಗಿನ ಚಿಲಕ ತೆಗೆಸಿಬಿಡಿ, ಮುಚ್ಚಳ ಧೊಪ್ಪನೆ ಬೀಳದಂತೆ ಒಳಗೊಂದು ತಡೆಕೊಂಡಿ ಹಾಕಿಸಿ. ಕಣ್ಣಾಮುಚ್ಚಾಲೆಗೆ ಪೆಟಾರಿಯಷ್ಟು ಒಳ್ಳೆಯ ಜಾಗ ಮಕ್ಕಳಿಗೆ ಬೇರೆ ಕಾಣುವುದಿಲ್ಲ, ಅದರಷ್ಟು ಅಪಾಯದ ಜಾಗವೂ ಇಲ್ಲ.

ತೂಗುಮಣೆಗೆ ನಾನು ಸುಲಭವಾಗಿ ಹೂಂ ಅನ್ನುವವಳಲ್ಲ. ಹಳ್ಳಿಯ ಮನೆಯಲ್ಲಿ ಅದು ತೊಲೆಯಿಂದ ತೂಗುತ್ತಿತ್ತು, ಫ್ಲ್ಯಾಟಿನಲ್ಲಿ ತೊಲೆ ಎಲ್ಲಿದೆ? ಉಯ್ಯಾಲೆಯ ಕೊಂಡಿಯನ್ನು ತಾರಸಿ ಹಾಕುವಾಗಲೇ ಒಳಗಿನ ಕಬ್ಬಿಣಕ್ಕೆ ಬಿಗಿದಿರಬೇಕು. ಆಮೇಲೆ ತೂತು ಕೊರೆದು ತಿರುಪು ಹಾಕಿಸಿದ ಕೊಂಡಿ, ಸುಮ್ಮನೆ ನೇತಾಡುವ ಭಾರವನ್ನು ತಡೆದೀತು. ಮೂರು ಜನ ಕೂತು ಜೀಕುವಾಗಿನ ಸೆಳೆತವೇ ಬೇರೆ. ಎಂಜಿನಿಯರನ್ನು ಕೇಳದೆ ತಾರಸಿಗೆ ಕೈ ಹಚ್ಚಬೇಡಿ. ಅದರ ಬದಲು ನೆಲದಲ್ಲಿ ನಿಲ್ಲುವ ಚೌಕಟ್ಟು ಮಾಡಿಸಿ. ಅದಕ್ಕೂ ಜಾಗವಿಲ್ಲದಿದ್ದರೆ ಆ ಹಲಗೆಗೆ ಮೊಳಕಾಲೆತ್ತರದ ನಾಲ್ಕು ಕಾಲು ಕೊಟ್ಟು ಕಿಟಕಿಯ ಕೆಳಗೆ ಹಾಕಿ. ಹಿತ್ತಾಳೆ ಸರಪಳಿಯನ್ನು ಮಾತ್ರ ಮಾರಬೇಡಿ, ಎಂದಾದರೂ ಮನೆ ಕಟ್ಟಿಸುವ ಯೋಗ ಬಂದೀತು.

ತೊಟ್ಟಿಲು ಯಾವ ಊರಿನದೋ ಬರೆದಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲಾಗಿದ್ದರೆ ದಯವಿಟ್ಟು ಹೊಸ ಬಣ್ಣ ಹೊಡೆಸಬೇಡಿ. ಅರಗಿನ ಬಣ್ಣದಲ್ಲಿ ಬರೆದ ರಾಮಾಯಣ, ಕೃಷ್ಣಲೀಲೆ ಎನಾಮೆಲ್ಲಿನ ಅಡಿ ಮುಳುಗಿದರೆ ಮತ್ತೆ ಏಳುವುದಿಲ್ಲ. ಸಾದಾ ತೊಟ್ಟಿಲಾದರೂ ಅದರಲ್ಲಿ ಹಳೆ ಪತ್ರಿಕೆ ತುಂಬಿಡುವ ಫ್ಯಾಷನ್ ನನಗೆ ಸೇರದು. ಬಂಧುಗಳಲ್ಲಿ ಎಲ್ಲಿ ಬಾಣಂತನವಿದೆಯೋ ಅಲ್ಲಿಗೆ ಹೋಗಲಿ, ಅವರ ಮನೆಯಿಂದ ಮುಂದಿನವರ ಮನೆಗೆ.

ಸೇರದ್ದರ ಮಾತು ಬಂತು, ಇನ್ನಷ್ಟು ಹೇಳಿಬಿಡುತ್ತೇನೆ. ಗಾಡಿಯ ಚಕ್ರವನ್ನು ಸೂರಿಗೆ ನೇತುಹಾಕಿ ಹತ್ತು ಬಲ್ಬು ಸಿಕ್ಕಿಸುವುದು, ಒರಳುಕಲ್ಲಿನಲ್ಲಿ ಪ್ಲಾಸ್ಟಿಕ್ ತಾವರೆ, ನೇಗಿಲಿಗೆ ಟವೆಲು. ಹೋಟೆಲುಗಳಲ್ಲಿ ನೋಡಿ ನೋಡಿ ಸಾಕಾಗಿದೆ. ಒಂದು ಕೋಣೆಗೆ ಒಂದು ಹಳೆಯ ವಸ್ತು ಸಾಕು, ಹೆಚ್ಚೆಂದರೆ ಎರಡು. ಸುತ್ತ ಖಾಲಿ ಗೋಡೆ ಇರಲಿ. ಗೋಡೆಗೆ ಏನಾದರೂ ಬೇಕೇ ಬೇಕೆನ್ನುವ ಸಾಗರದವರಿಗೆ ಹಸೆ ಚಿತ್ತಾರ ನಾನು ಹೇಳಬೇಕೇ? ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಎಳೆಯುವ ಆ ಗೆರೆಗಳ ಮುಂದೆ ಅಚ್ಚು ಹಾಕಿದ ಚಿತ್ರ ಯಾವ ಮೂಲೆಗೆ? ಬರೆಯುವವರನ್ನು ಕರೆಸಿ, ಅವರ ಕೂಲಿ ಅವರಿಗೆ ಸರಿಯಾಗಿ ಕೊಟ್ಟು ಬರೆಸಿ.

ಹಳೆಯದಕ್ಕೆ ಬೆಲೆ ತಿಳಿಯುವುದು ತಡವಾಗಿಯೇ. ಚಂಡೀಗಢ ನಗರ ಕಟ್ಟುವಾಗ, 1950ರ ದಶಕದಲ್ಲಿ, ಲೆ ಕಾರ್ಬೂಸಿಯೆಯ ಸೋದರ ಸಂಬಂಧಿ ಪಿಯೆರ್ ಜೆನ್ನರೆ ಸರ್ಕಾರಿ ಕಚೇರಿಗಳಿಗೆಂದು ಸಾಗುವಾನಿ ಮತ್ತು ಬೆತ್ತದ ಕುರ್ಚಿಗಳನ್ನು ರೂಪಿಸಿದ. ಬೆತ್ತ ಹರಿದ ಮೇಲೆ ಕಚೇರಿಗಳು ಅವನ್ನು ಗುಜರಿಗೆ ಹಾಕಿದವು. ಗುಜರಿಯಿಂದ ಎತ್ತಿಕೊಂಡವರು ಬೆತ್ತ ಹೆಣೆಸಿ ವಿದೇಶದ ಹರಾಜುಕಟ್ಟೆಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇನ್ನು ಮಾರುವಂತಿಲ್ಲ ಎಂದಿತು. ಅಷ್ಟರಲ್ಲಿ ಎಷ್ಟೋ ಕುರ್ಚಿಗಳು ಸಮುದ್ರ ದಾಟಿದ್ದವು. ನಮ್ಮಲ್ಲೂ ಭೂಸುಧಾರಣೆಯ ನಂತರ ಕರಾವಳಿಯ ದೊಡ್ಡ ಮನೆಗಳು ಸಾಲುಸಾಲಾಗಿ ಬಿಚ್ಚಿಹೋದಾಗ, ಮಣಿಪಾಲದ ವಿಜಯನಾಥ ಶೆಣೈಯವರು ಅವುಗಳ ಕಂಬ, ಬಾಗಿಲು, ಕೊನೆಗೆ ಇಡೀ ಮನೆಗಳನ್ನೇ ತಂದು ಮತ್ತೆ ನಿಲ್ಲಿಸಿದರು. ಅವರು 2017ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಪಾರಂಪರಿಕ ಗ್ರಾಮವನ್ನು ನೋಡಿದರೆ, ಒಂದು ಮರದ ಕಂಬ ಎಲ್ಲಿ ನಿಲ್ಲಬೇಕು ಎಂಬುದು ತಿಳಿಯುತ್ತದೆ.

ಕೆಲಸ ಯಾರಿಂದ ಮಾಡಿಸುವುದು? ಸಾಧ್ಯವಾದರೆ ಊರಿನ ಆಚಾರ್ರಿಂದಲೇ, ಊರಿನಲ್ಲೇ. ಪ್ಲೈವುಡ್ಡಿನ ಕಾಲದಲ್ಲಿ ಮೊಳೆ ಬಂದೂಕು ಹಿಡಿದು ಬೆಳೆದ ಹುಡುಗರಿಗೆ ಕಚ್ಚು, ಬೆಣೆಯ ಕೆಲಸ ಕಲಿಯುವ ಸಂದರ್ಭವೇ ಬಂದಿರುವುದಿಲ್ಲ; ಸಡಿಲವಾದ ಕೀಲಿಗೆ ಅವರು ಎರಡು ಮೊಳೆ ಹೊಡೆದುಬಿಡುತ್ತಾರೆ, ಮುಂದೆ ಆ ಮಂಚ ಬಿಚ್ಚಲು ಬಾರದು. ಗುತ್ತಿಗೆಗಿಂತ ದಿನಗೂಲಿ ಮಾತಾಡಿ. ಗುತ್ತಿಗೆಯಾದರೆ ಕೈ ಅವಸರ ಮಾಡುತ್ತದೆ. ‘ಹೊಸದರ ಹಾಗೆ ಮಾಡಿ’ ಎಂದು ಮಾತ್ರ ಹೇಳಬೇಡಿ, ನೀವು ಹೇಳಿದ ಹಾಗೆಯೇ ಮಾಡಿಬಿಡುತ್ತಾರೆ. ನೂರು ವರ್ಷದ ಕೈ ತಾಗಿ ನುಣುಪಾದ ಅಂಚನ್ನು ಕೀಸುಳಿ ಒಂದೇ ಏಟಿಗೆ ಬೋಳಿಸುತ್ತದೆ.

ಸಾಗಿಸುವ ಮಾತು ಉಳಿಯಿತು. ಮಂಚ, ಪೆಟಾರಿಯಂಥ ಸಿದ್ಧ ಸಾಮಾನಿನ ಜೊತೆ ಬಿಡಿ ತೊಲೆ, ಹಲಗೆಗಳನ್ನೂ ಲಾರಿಗೆ ಹೇರುವುದಾದರೆ ಮುಂಚೆಯೇ ಹತ್ತಿರದ ಅರಣ್ಯ ಇಲಾಖೆಯ ಕಚೇರಿಯಲ್ಲಿ ರಹದಾರಿಯ ಬಗ್ಗೆ ವಿಚಾರಿಸಿ. ಬೀಟೆ, ಸಾಗುವಾನಿ ಎಂದರೆ ತನಿಖಾ ಠಾಣೆಯಲ್ಲಿ ಕೇಳಿಯೇ ಕೇಳುತ್ತಾರೆ. ಪರದೇಶದಲ್ಲಿರುವ ತಮ್ಮನಿಗೆ ಬೀಟೆಯ ದೊಡ್ಡ ಸಾಮಾನು ಕಳುಹಿಸುವ ಯೋಚನೆ ಇದ್ದರೆ ಇನ್ನೂ ಎಚ್ಚರ. 2017ರಿಂದ ಬೀಟೆಯ ಜಾತಿಯ ಎಲ್ಲ ಮರಗಳೂ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ, ಅನುಮತಿ ಪತ್ರವಿಲ್ಲದೆ ಬಂದರು ದಾಟುವುದಿಲ್ಲ. ಬಿಚ್ಚುವ ಮುನ್ನ ಪ್ರತಿ ಕೀಲಿನ ಎರಡೂ ಬದಿಗೆ ಒಂದೇ ಅಂಕಿ ಹಾಕಿ. ಸೀಮೆಸುಣ್ಣ ಬೇಡ, ಲಾರಿಯಲ್ಲಿ ಅಳಿಸಿಹೋಗುತ್ತದೆ. ಪೆನ್ಸಿಲ್ಲಿನಲ್ಲಿ, ಒಳಮೈಗೆ. ಬೆಣೆಗಳನ್ನೆಲ್ಲ ಒಂದು ಬಟ್ಟೆಯ ಚೀಲದಲ್ಲಿ ಹಾಕಿ, ಆ ಚೀಲವನ್ನು ಲಾರಿಗೆ ಕೊಡದೆ ನಿಮ್ಮ ಕೈಯಲ್ಲೇ ಹಿಡಿದುಕೊಂಡು ಬಸ್ಸು ಹತ್ತಿ.